ಕಲ್ಲುಬೆಂಚಿನ ಹಿಂದೆ ನಿಂತ ಗೆರೆ

ನಮ್ಮೂರಲ್ಲಿ ಕಾಲಿಗೆ ಹಲಗೆ ಕಟ್ಟಿಕೊಂಡು ಹಿಮದ ಮೇಲೆ ಜಾರಿದರೆ ಬಿದ್ದ ಗೆರೆ ಹೋಗುವುದಿಲ್ಲ. ಮೇಲೆ ಎಷ್ಟು ಹಿಮ ಸುರಿದರೂ ಬೆಳಗಾಗುವಷ್ಟರಲ್ಲಿ ಎದ್ದು ಬಂದು ಕೂತಿರುತ್ತದೆ. ಬೇಸಿಗೆಯಲ್ಲಿ ಹಿಮವೆಲ್ಲ ಕರಗಿ ಕೆರೆಗೆ ಹರಿದು, ಗುಡ್ಡದಲ್ಲಿ ಹುಲ್ಲು ಬೆಳೆದು, ದನ ಮೇದು, ಮತ್ತೆ ಚಳಿ ಹಿಡಿದು ಮೊದಲ ಹಿಮ ಬಿದ್ದ ದಿನ ಹೋದ ವರ್ಷದ ಗೆರೆಗಳೆಲ್ಲ ಇದ್ದಲ್ಲೇ ಇರುತ್ತವೆ. ಊರಿಕೊಂಡು ಹೋದ ಕೋಲಿನ ತೂತುಗಳೂ ಅಷ್ಟೆ. ಒಂದು ಗೆರೆ ಹೋಗಬೇಕೆಂದರೆ ಇನ್ನೊಬ್ಬರು ಅದರ ಮೇಲೆಯೇ ಹಲಗೆ ಇಟ್ಟು ಹೋಗಬೇಕು. ಆಗ ಹಳೆಯದು ಅಳಿದು ಹೊಸಬರದು ಉಳಿಯುತ್ತದೆ. ಬರೀ ಬೂಟಿನ ಹೆಜ್ಜೆ ಮಾತ್ರ ಎಲ್ಲ ಊರಿನಲ್ಲೂ ಅಳಿಯುವ ಹಾಗೆ ಅಳಿದುಹೋಗುತ್ತದೆ.

ಇದರಿಂದ ನಮಗೇನೂ ಮಹಾ ತೊಂದರೆ ಇಲ್ಲ. ಮಾನ ಮರ್ಯಾದೆಯ ಕಡೆ ಸ್ವಲ್ಪ ಜಾಸ್ತಿ ಗಮನ ಇಡಬೇಕು, ಅಷ್ಟೆ. ಸೊಸೈಟಿ ಗುಮಾಸ್ತ ಹದಿನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ದರ್ಜಿ ಸಾಕವ್ವನ ಹಿತ್ತಿಲಿಗೆ ಜಾರಿಕೊಂಡು ಹೋದ ಗೆರೆ ಇವತ್ತಿಗೂ ಇದೆ. ನಾವು ಅಳಿಸಿಕೊಡುತ್ತೇವೆ ಎಂದರೂ ಅವನ ಹೆಂಡತಿ ಒಪ್ಪುವುದಿಲ್ಲ. ‘ಇರ್ಲಿ ಬಿಡ್ರಮ್ಮ, ವರ್ಷಕ್ಕೊಂದ್ಸಲ ಅವ್ರೇ ನೋಡ್ಕಳ್ಲಿ’ ಅನ್ನುತ್ತಾಳೆ. ಹೆಣ್ಣು ಕೊಡುವ ಮುಂಚೆ ಹಿರಿಯರು ಹುಡುಗನ ಮನೆಗೆ ಹೋಗುವ ಬದಲು ಗುಡ್ಡಕ್ಕೆ ಹೋಗಿ ಅವನ ಗೆರೆ ನೋಡಿ ಬರುತ್ತಾರೆ. ನನ್ನದೇ ಕಥೆ ಹೇಳುವುದಾದರೆ, ನಮ್ಮವ್ವ ನೀರಿಗೆ ಹೋದ ಕೊನೆಯ ಗೆರೆ ನನ್ನ ಬಾಗಿಲಿಂದ ಕೆರೆಯ ತೂಬಿನ ತನಕ ಇದೆ. ಅದನ್ನು ತುಳಿಯಬಾರದೆಂದು ಇಪ್ಪತ್ತೆರಡು ವರ್ಷದಿಂದ ಸುತ್ತು ಬಳಸಿ ನೀರು ತರುತ್ತಿದ್ದೇನೆ. ಮಂಡಿ ನೋವು ಬಂದ ದಿನ ಅವ್ವನನ್ನು ಬೈಯುತ್ತೇನೆ. ಹಲಗೆ ಮಾತ್ರ ಆ ಕಡೆ ತಿರುಗಿಸುವುದಿಲ್ಲ.

ನಾನು ಕೆರೆಯ ದಂಡೆಯಲ್ಲಿ ಹಲಗೆ ಬಾಡಿಗೆಗೆ ಕೊಡುವವಳು. ರಜೆಗೆ ಬರುವ ಕೆಳಗಿನ ಊರಿನವರು ಹಲಗೆಗೆ ಸ್ಕೀ ಅನ್ನುತ್ತಾರೆ, ಕೆರೆಗೆ ಸರೋವರ ಅನ್ನುತ್ತಾರೆ, ನನಗೆ ಮೇಡಂ ಅನ್ನುತ್ತಾರೆ. ಎರಡು ದಿನ ನನ್ನ ಕೈಯ ಚಹ ಕುಡಿದ ಮೇಲೆ ಅವರಿಗೂ ನಾನು ದ್ಯಾವಕ್ಕನೇ. ಅಂಗಡಿಯ ಮೇಲೆ ಮೂರು ಕೋಣೆ ಇವೆ, ಇಳಿದುಕೊಳ್ಳುವುದಕ್ಕೆ. ಮೊದಲ ಹಿಮ ಬಿದ್ದ ಬೆಳಿಗ್ಗೆ ನನಗೆ ಇನ್ನೊಂದು ಕೆಲಸ. ವರ್ಷ ವರ್ಷ ಬರುವ ಮನೆಯವರ ಗೆರೆಗಳನ್ನು ಹುಡುಕಿ, ಪಕ್ಕದಲ್ಲಿ ಗೂಟ ನೆಟ್ಟು, ಗೂಟಕ್ಕೆ ಒಂದೊಂದು ಮನೆಗೆ ಒಂದೊಂದು ಬಣ್ಣದ ಬಟ್ಟೆ ಕಟ್ಟುತ್ತೇನೆ. ಹೊಸಬರು ಅರಿಯದೆ ಮೇಲೆ ಹರಿಯಬಾರದಲ್ಲ. ಜನ ಬಂದು ನೋಡಿ ಖುಷಿಪಡುತ್ತಾರೆ, ‘ಇಲ್ನೋಡು, ಹೋದ್ವರ್ಷ ನಿಮ್ಮಪ್ಪ ಬೇಲಿಗೆ ಗುದ್ದಿದ್ದು!’ ಎಂದು ನಗುತ್ತಾರೆ.

ವಾಮನರಾಯರ ಮನೆಯವರದು ಹಳದಿ ಬಟ್ಟೆ. ಆರು ವರ್ಷದಿಂದ ಬರುತ್ತಿದ್ದರು. ರಾಯರು ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವರು. ಹೆಂಡತಿ ವಾರಿಜಮ್ಮ. ದೊಡ್ಡ ಮಗಳು ಮೇದಿನಿಗೆ ಹನ್ನೆರಡು, ಚಿಕ್ಕವಳು ತಾರಿಣಿಗೆ ಎಂಟು. ಮೂವರು ಜಾರುತ್ತಿದ್ದರು, ವಾರಿಜಮ್ಮ ಜಾರುತ್ತಿರಲಿಲ್ಲ. ಆರು ವರ್ಷವೂ ಕೆರೆಯ ಕಡೆ ಮುಖ ಮಾಡಿದ ಕಲ್ಲುಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ಫ್ಲಾಸ್ಕು ಇಟ್ಟುಕೊಂಡು, ಸ್ವೆಟರ್ ಹೆಣೆಯುತ್ತಿದ್ದರು. ಏಳನೆಯ ವರ್ಷ ನಾನು ಹಳದಿ ಗೂಟ ನೆಡುವಾಗ ಹೋದ ರಜೆಯ ಕೊನೆಯ ದಿನ ಮೇದಿನಿ ಬಿಟ್ಟ ಗೆರೆಯನ್ನೂ ಗುರುತು ಮಾಡಿದೆ. ಅವಳ ಬೇರೆ ಗೆರೆಗಳೆಲ್ಲ ಹಿಂದೆ ಹಿಂದೆಯೇ ಜಾರಿದ ಅಪ್ಪ, ತಂಗಿಯ ಹಲಗೆಯಡಿ ಅಳಿದಿದ್ದವು, ಉಳಿದದ್ದು ಇದೊಂದೇ. ಗುಡ್ಡದ ತಲೆಯಿಂದ ಇಳಿದು, ಗಟ್ಟಿಯಾದ ಕೆರೆಯ ಒಂದು ಮೂಲೆಯನ್ನು ದಾಟಿ, ದಂಡೆ ಹತ್ತಿ ಕಲ್ಲುಬೆಂಚಿನ ಹಿಂದಕ್ಕೆ ಬಂದು, ಅಲ್ಲಿ ನಿಂತು, ಆಮೇಲೆ ನನ್ನ ಅಂಗಡಿಗೆ ಬಂದಿತ್ತು. ನಿಂತ ಜಾಗದಲ್ಲಿ ಗೆರೆ ಅಂಗೈಯಷ್ಟು ಆಳ. ಸುಮ್ಮನೆ ಹಾದುಹೋದವರದು ಅಷ್ಟು ಇಳಿಯುವುದಿಲ್ಲ. ಬೆಂಚಿನ ಮೇಲೆ ಕೂತವರು ತಿರುಗಿ ನೋಡಿದ್ದರೆ ಮುಖಕ್ಕೆ ಮುಖ ಸಿಗುವಷ್ಟು ಹತ್ತಿರ. ಹುಡುಗಿ ಏನೋ ತಮಾಷೆ ಮಾಡಿರಬೇಕು ಅಂದುಕೊಂಡು ಗೂಟ ಹೊಡೆದೆ.

ಬಸ್ಸಿಂದ ಮೂವರೇ ಇಳಿದರು.

ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. ‘ದೊಡ್ಡ ರಾಣಿ ಎಲ್ಲಿ, ಬಸ್ಸಲ್ಲೇ ನಿದ್ದೆ ಹೋದ್ಲಾ?’ ಎಂದು ಕೇಳಿಬಿಟ್ಟೆ. ವಾರಿಜಮ್ಮ ಬೆಂಚಿನ ಕಡೆ ನೋಡಿದರು. ರಾಯರು ಕೈಲಿದ್ದ ಚೀಲ ಕೆಳಗಿಟ್ಟು, ಮತ್ತೆ ಎತ್ತಿಕೊಂಡು, ‘ಇಲ್ಲ ದ್ಯಾವಕ್ಕ. ಇಲ್ಲಿಂದ ಹೋಗಿ ಒಂದು ತಿಂಗಳಿಗೇ ಜ್ವರ ಬಂತು. ಹನ್ನೊಂದು ದಿನ’ ಅಂದರು. ತಾರಿಣಿ ನನ್ನ ಸೆರಗು ಹಿಡಿದು, ‘ಅಕ್ಕನ ಗೆರೆ ಬಂದಿದ್ಯಾ?’ ಎಂದು ಕೇಳಿತು. ಅದಕ್ಕೇ ಬಂದಿದ್ದರು.

ಚಹವನ್ನೂ ಕುಡಿಯದೆ ರಾಯರು ಹಗ್ಗ ಕೇಳಿದರು. ನನ್ನ ಗೂಟ ಅವರಿಗೆ ಸಾಲಲಿಲ್ಲ. ಗುಡ್ಡದ ತಲೆಯಿಂದ ಅಂಗಡಿಯ ತನಕ ಗೆರೆಯ ಎರಡೂ ಬದಿಗೆ ಹಗ್ಗ ಎಳೆದರು. ಕೆರೆಯ ಮೇಲೆ ತೂತು ಕೊರೆದು ಗಾಳ ಹಾಕಿ ಕೂರುವ ಗಿರಿಯಣ್ಣ, ‘ಸ್ವಾಮಿ, ನಾನು ಮನೆಗ್ ಹೋಗೋದು ಹೆಂಗೆ? ಹಾರ್ಕೊಂಡಾ?’ ಅಂದ. ನಾನು ಅವನ ಹತ್ತಿರ ಹೋಗಿ ವಿಷಯ ಹೇಳಿದೆ. ಅವನು ತಲೆಗೆ ಕಟ್ಟಿದ್ದ ಮಫ್ಲರು ಬಿಚ್ಚಿ, ಮತ್ತೆ ಕಟ್ಟಿಕೊಂಡ. ಆವತ್ತಿನಿಂದ ಅವನೂ ಸುತ್ತು ಬಳಸಿಯೇ ಮನೆಗೆ ಹೋದ.

ಎರಡನೆಯ ದಿನವೆಲ್ಲ ರಾಯರು ಟೇಪು ಹಿಡಿದು ಗೆರೆಯ ಉದ್ದಕ್ಕೂ ಮಂಡಿಯೂರಿಕೊಂಡು ಹೋದರು. ಎಲ್ಲಿ ಎಷ್ಟು ಬಾಗಿದೆ, ಎಲ್ಲಿ ಎಷ್ಟು ಅಗಲ, ಎಲ್ಲವನ್ನೂ ಚೌಕುಳಿ ಕಾಗದದ ಪುಸ್ತಕದಲ್ಲಿ ಬರೆದುಕೊಂಡರು. ಸಂಜೆ ಒಲೆಯ ಮುಂದೆ ಕೂತು ಹೆಂಡತಿಗೆ ಓದಿ ಹೇಳಿದರು. ‘ನೋಡು, ಇಳಿಜಾರಲ್ಲಿ ಎಲ್ಲೂ ಅಲ್ಲಾಡಿಲ್ಲ. ಕೆರೆ ಮೇಲೆ ಸ್ವಲ್ಪ ಎಡಕ್ಕೆ ಎಳೆದಿದೆ, ಅವಳ ಎಡಗಾಲು ಯಾವಾಗ್ಲೂ ಒಳಕ್ಕೇ ಅಲ್ವಾ. ಆಮೇಲೆ ಬೆಂಚಿನ ಹಿಂದೆ ಬಂದು ನಿಂತಿದ್ದಾಳೆ. ಬೆಂಚಿಗೂ ಅವಳಿಗೂ ನಾಲ್ಕೂಮುಕ್ಕಾಲು ಅಡಿ.’

ವಾರಿಜಮ್ಮ ಲೋಟ ಕೆಳಗಿಟ್ಟರು. ‘ನಿಂತಿದ್ದಾಳಾ?’

‘ನಿಂತಿದ್ದಾಳೆ. ಎರಡೂ ಕಾಲು ಜೋಡಿಸಿ.’

‘ಸರಿಯಾಗಿ ನೋಡಿದ್ರಾ?’

‘ಅಳತೆ ತೆಗೆದಿದ್ದೀನಿ ವಾರಿಜಾ.’

ವಾರಿಜಮ್ಮ ಎದ್ದು ಮೇಲಕ್ಕೆ ಹೋದರು. ರಾತ್ರಿ ಊಟಕ್ಕೆ ಇಳಿಯಲಿಲ್ಲ. ಮರುದಿನ ನಾನು ಅಂಗಡಿಯ ಬಾಗಿಲು ತೆಗೆಯುವಷ್ಟರಲ್ಲಿ ಮೆಟ್ಟಿಲ ಮೇಲೆ ಕೂತಿದ್ದರು. ‘ದ್ಯಾವಕ್ಕ, ನನ್ನ ಕಾಲಿಗಾಗೋ ಹಲಗೆ ಇದ್ಯಾ?’ ಅಂದರು. ಆರು ವರ್ಷದಲ್ಲಿ ಅವರು ಕೇಳದ ಮಾತು. ಯಾಕೆ ಎಂದು ಕೇಳಿದ್ದಕ್ಕೆ, ‘ಮೇದಿನಿ ಬಂದ ದಾರೀಲಿ ಒಂದ್ಸಲ ಬರ್ಬೇಕು’ ಅಂದರು.

‘ಅಮ್ಮಾ, ನೀವು ಹೋದ್ರೆ ಅವಳದು ಅಳಿದೋಗ್ತದೆ. ಗೊತ್ತಲ್ಲ?’

‘ಗೊತ್ತು.’

‘ನೋಡ್ಬೇಕು ಅಂತಿದ್ರೆ ಪಕ್ಕದಲ್ಲಿ ನಡ್ಕೊಂಡೋಗಿ ನೋಡಿ. ಬೂಟಿಗೇನೂ ಆಗಲ್ಲ.’

‘ಅವಳು ನಡ್ಕೊಂಡು ಬಾ ಅಂದಿರ್ಲಿಲ್ಲ ದ್ಯಾವಕ್ಕ’ ಅಂದರು.

ಗೋಡೆಯಿಂದ ಒಂದು ಜೊತೆ ಇಳಿಸಿ, ಮೇಣ ತಿಕ್ಕಿ, ಅವರ ಕಾಲಿಗೆ ಪಟ್ಟಿ ಬಿಗಿದೆ.

ಮಾಳಿಗೆಯ ಮೇಲೆ ಗಂಡ ಹೆಂಡಿರ ಜಗಳ ನಡೆದದ್ದು ಆವತ್ತೇ. ನನ್ನ ಮನೆಯ ಹಲಗೆ ಚಾವಣಿ ಏನನ್ನೂ ಮುಚ್ಚಿಡುವುದಿಲ್ಲ. ‘ಅವಳ ಬಟ್ಟೆ ಕೊಟ್ಟಾಯ್ತು. ಮಂಚ ಬಿಚ್ಚಿದ್ದಾಯ್ತು. ಅವಳ ಕೈಕಾಲಿಂದ ಆದದ್ದು ಅಂತ ಭೂಮಿ ಮೇಲೆ ಉಳಿದಿರೋದು ಅದೊಂದೇ. ಅದನ್ನೂ ಒರೆಸಿಬಿಡ್ತೀಯಾ?’ ಎಂದು ರಾಯರು. ‘ಇಟ್ಕೊಂಡು ಏನ್ಮಾಡ್ತೀರಿ? ವರ್ಷಾ ವರ್ಷಾ ಬಂದು ಹಗ್ಗ ಕಟ್ತೀರಾ?’ ಎಂದು ವಾರಿಜಮ್ಮ. ‘ಕಟ್ತೀನಿ. ಜೀವ ಇರೋ ತನಕ ಕಟ್ತೀನಿ.’ ಸ್ವಲ್ಪ ಹೊತ್ತಿಗೆ ರಾಯರು ಕೆಳಗೆ ಬಂದು ನನ್ನ ಮುಂದೆ ಕೂತರು. ‘ನೀವಾದ್ರೂ ಹೇಳಿ ದ್ಯಾವಕ್ಕ. ಹಲಗೆ ಕೊಡಲ್ಲ ಅನ್ನಿ. ನಿಮ್ಮ ತಾಯಿಯ ಗೆರೆ ನೀವು ಅಳಿಸಿದ್ರಾ?’

‘ಇಲ್ಲ ರಾಯರೇ’ ಅಂದೆ. ‘ಆದ್ರೆ ನಮ್ಮವ್ವ ನನ್ನ ಬಾ ಅಂತ ಕರೆದಿರ್ಲಿಲ್ಲ. ನೀರಿಗ್ ಹೋಗಿದ್ಲು, ಅಷ್ಟೇ.’

ಅವರಿಗೆ ಅರ್ಥವಾಯಿತೋ ಇಲ್ಲವೋ. ಕರೆದದ್ದು ಏನು, ಯಾವಾಗ ಎಂಬುದು ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ.

ನಾಲ್ಕು ದಿನ ವಾರಿಜಮ್ಮ ಕಲಿತರು. ಕಲಿತರು ಎನ್ನುವುದಕ್ಕಿಂತ ಬಿದ್ದರು ಎಂದರೆ ಸರಿ. ಗುರು ತಾರಿಣಿ. ಸೊಂಟದ ಮೇಲೆ ಕೈಯಿಟ್ಟುಕೊಂಡು, ‘ಅಮ್ಮಾ, ಮಂಡಿ ಬಗ್ಗಿಸು. ಇನ್ನೂ ಬಗ್ಗಿಸು. ಕಕ್ಕಸಲ್ಲಿ ಕೂತ ಹಾಗೆ!’ ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗುತ್ತಿತ್ತು. ‘ಮೆತ್ತಗೆ ಹೇಳೇ ಶನಿ’ ಎನ್ನುವಷ್ಟರಲ್ಲಿ ವಾರಿಜಮ್ಮ ಅಂಗಾತ. ಗಿರಿಯಣ್ಣ ಗಾಳದ ಹಿಂದಿನಿಂದ, ‘ದ್ಯಾವಕ್ಕೋ, ಅಮ್ಮಾವ್ರು ಇನ್ನೆರಡು ಸಲ ಹಂಗ್ ಬಿದ್ರೆ ಕೆರೆ ಒಡೀತದೆ. ನನ್ ಮೀನೆಲ್ಲ ಎದ್ದು ನಿಮ್ಮಂಗಡಿಗೆ ಬತ್ತವೆ, ಹಲಗೆ ಕೊಡು ಅಂತ’ ಅಂದ. ವಾರಿಜಮ್ಮನಿಗೆ ನಗು ಬಂತು. ಜೋರಾಗಿಯೇ ನಕ್ಕರು. ನಕ್ಕವರು ಥಟ್ಟನೆ ಬಾಯಿಗೆ ಕೈ ಅಡ್ಡ ಹಿಡಿದು, ಹಿಮದಲ್ಲಿ ಕೂತಲ್ಲೇ ಕೂತರು. ತಾರಿಣಿ ಹೋಗಿ ಅವರ ಬೆನ್ನ ಮೇಲಿನ ಹಿಮ ಕೊಡವಿತು. ಕೊಡವುವುದಕ್ಕೆ ಏನೂ ಉಳಿಯದ ಮೇಲೂ ಕೊಡವುತ್ತಲೇ ಇತ್ತು.

ರಾಯರು ಹತ್ತಿರ ಬರುತ್ತಿರಲಿಲ್ಲ. ಹಗ್ಗದ ಪಕ್ಕ ಅತ್ತಿಂದಿತ್ತ ಓಡಾಡುತ್ತ ದೂರದಿಂದ ನೋಡುತ್ತಿದ್ದರು. ನಾಲ್ಕನೆಯ ಸಂಜೆ ವಾರಿಜಮ್ಮನ ಬಲಮಂಡಿ ಸೋರೆಕಾಯಿಯ ಹಾಗೆ ಊದಿತು. ನಾನು ಉಪ್ಪಿನ ಶಾಖ ಕೊಡುತ್ತಿದ್ದಾಗ ರಾಯರು ಬಾಗಿಲಲ್ಲಿ ನಿಂತು ಆ ಮಂಡಿಯನ್ನೇ ನೋಡಿದರು. ಬಂದು ನನ್ನ ಕೈಯಿಂದ ಬಟ್ಟೆಗಂಟು ತೆಗೆದುಕೊಂಡು ಕೆಳಗೆ ಕೂತರು. ಶಾಖ ತಾವೇ ಕೊಟ್ಟರು. ಬೆಳಿಗ್ಗೆ ಏಳುವಷ್ಟರಲ್ಲಿ ಗುಡ್ಡದ ಮೇಲೆ ಹಗ್ಗ ಇರಲಿಲ್ಲ. ರಾಯರು ಅದನ್ನೆಲ್ಲ ಸುತ್ತಿ ಸುತ್ತಿ ಅಂಗಡಿಯ ಮೂಲೆಯಲ್ಲಿಟ್ಟು, ತಮ್ಮ ಪುಸ್ತಕವನ್ನು ಅದರ ಮೇಲೆ ಇಟ್ಟಿದ್ದರು. ಹೆಂಡತಿ ಹೊರಟಾಗ ಹೇಳಿದ್ದು ಒಂದೇ ಮಾತು: ‘ಕೆರೆ ಹತ್ರ ಎಡಕ್ಕೆ ಎಳೆಯತ್ತೆ. ನೋಡ್ಕೊಂಡು ಬಾ.’

ನಾನು ಅವರ ಜೊತೆಗೆ, ಗೆರೆಯಿಂದ ಎರಡು ಮಾರು ಆಚೆ ನನ್ನ ಹಲಗೆಯ ಮೇಲೆ ಇಳಿದೆ. ಗುಡ್ಡದ ತಲೆಯಲ್ಲಿ ವಾರಿಜಮ್ಮ ಮಗಳ ಗೆರೆಯ ಒಳಗೆ ತಮ್ಮ ಹಲಗೆ ಇಟ್ಟು, ಬಗ್ಗಿ ಮುಂದೆ ನೋಡಿದರು. ಎಳೆ ಹುಡುಗಿಯ ಗೆರೆ, ಎರಡು ದಾರ ಹಿಡಿದು ಎಳೆದ ಹಾಗೆ ಕೆರೆಯ ತನಕ ಹೋಗಿತ್ತು. ಇವರು ಹೊರಟ ಇಪ್ಪತ್ತು ಮಾರಿಗೇ ಬಿದ್ದರು. ಅಷ್ಟಗಲ ಗೆರೆ ಹಾಳಾಯಿತು. ಎದ್ದು, ಹಿಂತಿರುಗಿ ನೋಡದೆ, ಮತ್ತೆ ಗೆರೆಗೆ ಹಲಗೆ ಕೂರಿಸಿದರು. ಐದು ಸಲ ಬಿದ್ದರು. ಬಿದ್ದಾಗೆಲ್ಲ ನಾನು ‘ಸಾಕು ಕಣಮ್ಮ, ಪಕ್ಕಕ್ಕೆ ಬನ್ನಿ’ ಅನ್ನುತ್ತಿದ್ದೆ. ಅವರು ‘ಅವಳು ಇಲ್ಲಿ ಬಿದ್ದಿಲ್ಲ’ ಅನ್ನುತ್ತಿದ್ದರು. ಕೆರೆಯ ಮೇಲೆ ಬಂದಾಗ ಎಡಗಾಲು ನಿಜವಾಗಿಯೂ ಒಳಕ್ಕೆ ಎಳೆಯಿತು. ಆಗ ಅವರ ಮುಖದಲ್ಲಿ ಏನೋ ಬಂದು ಹೋಯಿತು. ಹೆತ್ತವರಿಗೇ ಬಿಡಬೇಕು ಅದನ್ನ, ನಾನು ಹೆಸರಿಡುವುದಿಲ್ಲ.

ದಂಡೆ ಹತ್ತಿ ಬೆಂಚಿನ ಹತ್ತಿರ ಬಂದಾಗ ಅವರು ನಿಂತುಬಿಟ್ಟರು. ಮೇದಿನಿ ನಿಂತ ಜಾಗ ಇನ್ನೂ ಒಂದು ಮಾರು ಮುಂದಿತ್ತು. ಎದುರಿಗೆ ಬೆಂಚಿನ ಖಾಲಿ ಬೆನ್ನು.

‘ಆವತ್ತು ಬೆಳಿಗ್ಗೆ ಜಗಳ ಆಗಿತ್ತು’ ಎಂದು ಶುರು ಮಾಡಿದರು. ನನ್ನ ಕಡೆ ನೋಡದೆ, ಬೆಂಚಿಗೇ ಹೇಳುವ ಹಾಗೆ. ‘ಕೊನೇ ದಿನ, ಒಂದೇ ಒಂದ್ಸಲ ನನ್ ಹಿಂದೆ ಬಾಮ್ಮ ಅಂತ ಹಟ ಹಿಡಿದ್ಲು. ಸ್ವೆಟರ್ ಮುಗೀಬೇಕು, ಹೋಗೇ ಅಂದೆ. ನೀನು ಬರೋದೇ ಸುಮ್ನೆ, ಮನೇಲೇ ಇರ್ಬಹುದಿತ್ತು ಅಂದ್ಲು. ಎಲ್ಲರೆದುರಿಗೆ ಅಂದ್ಲು. ನನಗೆ ಕೋಪ ಬಂತು. ಮಧ್ಯಾಹ್ನ ಇಲ್ಲಿ ಕೂತಿದ್ದೆ. ಹಿಂದೆ ಹಲಗೆ ಸದ್ದು ಬಂದು ನಿಂತ್ಕೊಂಡ್ತು. ಅವಳೇ ಅಂತ ಗೊತ್ತಾಯ್ತು ದ್ಯಾವಕ್ಕ. ಅವಳೇ ಮೊದಲು ಮಾತಾಡಿಸ್ಲಿ ಅಂತ ನಾನು ತಿರುಗ್ಲಿಲ್ಲ. ಹೆಣೀತಾನೇ ಇದ್ದೆ. ಆಮೇಲೆ ಸದ್ದು ಹೋಯ್ತು. ರಾತ್ರಿ ಇಬ್ಬರೂ ಉಂಡ್ವಿ, ಮಾತಾಡಿದ್ವಿ, ಎಲ್ಲ ಸರಿಹೋಗಿತ್ತು. ಜ್ವರದಲ್ಲಿ ಹನ್ನೊಂದು ದಿನಾನೂ ನನ್ನ ತೊಡೆ ಮೇಲೇ ಇದ್ಲು. ಆದ್ರೂ ಅದೊಂದು… ಅವಳೇ ಬಂದಿದ್ಲಾ, ನನ್ನ ಭ್ರಮೇನಾ ಅಂತ ಕೇಳೋಕೆ ಆಗ್ಲೇ ಇಲ್ಲ. ಹೇಳಿ, ನಿಮಗೆ ಗೆರೆ ಓದೋಕೆ ಬರುತ್ತಲ್ಲ. ಎಷ್ಟು ಹೊತ್ತು ನಿಂತಿದ್ಲು?’

ಎರಡು ನಿಮಿಷ ಅಂದುಬಿಡೋಣ ಅನ್ನಿಸಿತು. ಆದರೆ ಆ ಆಳ ಕಣ್ಣಿಗೆ ಕಾಣುತ್ತಿತ್ತು, ಕುರುಡರಿಗೂ ಗೊತ್ತಾಗುವಷ್ಟು. ‘ತುಂಬಾ ಹೊತ್ತಮ್ಮ’ ಅಂದೆ. ‘ಬೇಜಾರಾಗಿ ಸುತ್ತ ಕೋಲಲ್ಲಿ ಚುಚ್ಕೊಂಡು ನಿಂತಿದ್ದಾಳೆ, ಮಗು.’

‘ಚುಚ್ಕೊಂಡು ಅಂದ್ರೆ?’

ಗೆರೆಯಲ್ಲದ್ದನ್ನು ರಾಯರು ಪುಸ್ತಕದಲ್ಲಿ ಬರೆದುಕೊಂಡಿರಲಿಲ್ಲ. ನಾನೂ ಅದನ್ನು ಮಕ್ಕಳಾಟ ಅಂದುಕೊಂಡಿದ್ದೆ. ನಿಂತ ಜಾಗದ ಸುತ್ತ, ಕಮಾನಿನ ಹಾಗೆ, ಕೋಲಿನ ತುದಿಯ ಪುಟ್ಟ ಪುಟ್ಟ ತೂತುಗಳು. ಒತ್ತೊತ್ತಾಗಿ ಮೂರು ಸಾಲು, ಅದರಾಚೆ ನಾಲ್ಕನೆಯದು ಅರ್ಧಕ್ಕೆ ನಿಂತಿತ್ತು. ವಾರಿಜಮ್ಮ ಹಲಗೆ ಬಿಚ್ಚಿ ಪಕ್ಕಕ್ಕಿಟ್ಟರು. ಊದಿದ ಮಂಡಿಯನ್ನೇ ಊರಿ ಕೂತು, ಮೊದಲನೆಯ ಸಾಲಿನ ಮೇಲೆ ಬೆರಳಾಡಿಸುತ್ತ ಎಣಿಸಿದರು. ತುಟಿ ಮಾತ್ರ ಆಡುತ್ತಿತ್ತು. ಎಂಬತ್ತು. ಎರಡನೆಯದೂ ಎಂಬತ್ತು. ಮೂರನೆಯದೂ ಎಂಬತ್ತು.

‘ಸಾಲಿಗೆ ಎಂಬತ್ತು ಕುಣಿಕೆ’ ಅಂದರು. ‘ತಾರಿಣಿಯ ಸ್ವೆಟರು. ನನಗೆ ಲೆಕ್ಕ ನಿಲ್ಲಲ್ಲ ದ್ಯಾವಕ್ಕ. ಬಾಯಲ್ಲಿ ಹೇಳ್ತಾ ಹೆಣೀತೀನಿ, ಆದ್ರೂ ತಪ್ಪುತ್ತೆ. ಯಾವಾಗ್ಲೂ ಅವಳೇ ಪಕ್ಕದಲ್ಲಿ ಕೂತು ಇಟ್ಕೊಳ್ಳೋಳು. ಎಷ್ಟಾಯ್ತೇ ಅಂದ್ರೆ ಟಪ್ ಅಂತ ಹೇಳೋಳು. ಆವತ್ತು ಅವಳು ಹಿಂದೆ ನಿಂತಿದಾಳೆ ಅಂತ ಗೊತ್ತಿದ್ದೇ, ಕೇಳಿಸ್ಲಿ ಅಂತ ನಾನು ಜೋರಾಗಿ ಎಣಿಸ್ದೆ. ನೀನಿಲ್ದೆ ನನಗೇನೂ ನಿಂತಿಲ್ಲ ಅನ್ನೋ ಹಾಗೆ. ನಾಲ್ಕನೇ ಸಾಲಲ್ಲಿ ಲೆಕ್ಕ ತಪ್ಪಿತು. ಎಷ್ಟಾಯ್ತೇ ಅಂತ ಬಾಯಿಗೆ ಬಂದೇ ಬಂತು. ಕೇಳ್ಲಿಲ್ಲ. ಇಡೀ ಸಾಲು ಬಿಚ್ಚಿ ಹಾಕ್ದೆ.’

ನಾಲ್ಕನೆಯ ಸಾಲನ್ನು ಮೆಲ್ಲಗೆ, ಒಂದೊಂದೇ ತೂತನ್ನು ಮುಟ್ಟಿ ಎಣಿಸಿದರು. ಕೊನೆಯ ತೂತಿನೊಳಗೆ ಬೆರಳು ಹಾಕಿ ಅಲ್ಲೇ ಇಟ್ಟುಕೊಂಡರು.

‘ಮೂವತ್ತೇಳು’ ಅಂದರು. ‘ಮೂವತ್ತೇಳಾಗಿತ್ತು.’

ಅಂಗಡಿಯ ಕಡೆಯಿಂದ ರಾಯರೂ ತಾರಿಣಿಯೂ ಬಂದು ನಮ್ಮ ಹಿಂದೆ ನಿಂತಿದ್ದರು. ರಾಯರು ಹೆಂಡತಿಯ ಪಕ್ಕ ಕೂತು, ಅವರು ಬೆರಳಿಟ್ಟ ಜಾಗವನ್ನು ನೋಡಿದರು. ತಾರಿಣಿ, ‘ಅಕ್ಕ ಏನ್ ಬರ್ದಿದಾಳೆ?’ ಅಂದಿತು. ‘ಏನೂ ಇಲ್ಲ ಪುಟ್ಟಿ. ಅಮ್ಮ ಕೇಳ್ತಾಳೆ ಅಂತ ಕಾಯ್ತಾ ನಿಂತಿದ್ಲು’ ಅಂದರು ವಾರಿಜಮ್ಮ. ಆಮೇಲೆ ಅವರಿಗೆ ಅಳು ಬಂತು. ಬಸ್ಸಿಂದ ಇಳಿದ ಮೇಲೆ ಅವರು ಅತ್ತದ್ದು ಅದೇ ಮೊದಲು. ಗಾಳದ ಹತ್ತಿರ ಕೂತಿದ್ದ ಗಿರಿಯಣ್ಣ ಎದ್ದು, ಬೆನ್ನು ತಿರುಗಿಸಿಕೊಂಡು, ಕೆರೆಯ ಆಚೆ ದಡಕ್ಕೆ ನಡೆದುಹೋದ.

ಆ ಜಾಗದ ಮೇಲೆ ವಾರಿಜಮ್ಮ ಹಲಗೆ ಇಡಲಿಲ್ಲ. ಅಲ್ಲಿಂದ ಅಂಗಡಿಯ ತನಕ ಇದ್ದ ನೂರು ಮಾರು ಗೆರೆಯನ್ನೂ ಮುಟ್ಟಲಿಲ್ಲ. ಬೂಟುಗಾಲಲ್ಲೇ, ಗಂಡನ ಹೆಗಲು ಹಿಡಿದು ಕುಂಟಿಕೊಂಡು ಬಂದರು. ಮರುದಿನದ ಬಸ್ಸಿಗೆ ಹೊರಟರು. ರಾಯರು ಚೌಕುಳಿ ಪುಸ್ತಕವನ್ನು ಮರೆತರೋ, ಬೇಕೆಂದೇ ಬಿಟ್ಟರೋ, ಅದು ಹಗ್ಗದ ಸಿಂಬಿಯ ಮೇಲೆಯೇ ಉಳಿಯಿತು. ಟಪಾಲಿಗೆ ಹಾಕಿ ಕಳಿಸಿದೆ. ತಲುಪಿದೆ ಎಂದು ಒಂದು ಸಾಲಿನ ಕಾರ್ಡು ಬಂತು.

ಮರುವರ್ಷ ಮೊದಲ ಹಿಮ ಬೇಗ ಬಿತ್ತು. ಅವರು ಬರುತ್ತಾರೋ ಇಲ್ಲವೋ ಸುದ್ದಿಯಿರಲಿಲ್ಲ. ಆದರೂ ಹಳದಿ ಗೂಟ ಹಿಡಿದು ಹೊರಟೆ. ಗುಡ್ಡದ ತಲೆಯಿಂದ ಬೆಂಚಿನ ತನಕ ವಾರಿಜಮ್ಮನ ಗೆರೆ ಎದ್ದು ಬಂದಿತ್ತು, ಐದು ಸಲ ಬಿದ್ದದ್ದೂ ಸೇರಿ, ಕೌದಿ ಹಾಸಿದ ಹಾಗೆ ಅಗಲಗಲ. ಬೆಂಚಿನ ಹಿಂದಿನಿಂದ ಅಂಗಡಿಯ ತನಕ ಮೇದಿನಿಯದು, ತೆಳ್ಳಗೆ, ನೇರವಾಗಿ. ಹೊಸದಾಗಿ ಮದುವೆಯಾದ ಒಬ್ಬಾತ ಹೆಂಡತಿಯನ್ನು ಕರೆದುಕೊಂಡು ಹಲಗೆ ಕೇಳಲು ಬಂದವನು ಅದನ್ನೇ ನೋಡುತ್ತ ನಿಂತ. ‘ಮೇಡಂ, ಇದು ಮಜವಾಗಿದೆ. ಯಾರೋ ಮೇಲಿಂದ ಬೀಳ್ತಾ ಬೀಳ್ತಾ ಬಂದಿದಾರೆ, ಈ ಬೆಂಚಿನ ಹತ್ರ ಬರೋ ಹೊತ್ತಿಗೆ ಕಲಿತೇಬಿಟ್ಟಿದಾರೆ. ಇಲ್ಲಿಂದ ಮುಂದೆ ಎಷ್ಟು ಚೆನ್ನಾಗಿ ಹೋಗಿದಾರೆ ನೋಡಿ!’ ಅಂದ.

‘ಹೌದ್ರೀ’ ಅಂದೆ. ಇಬ್ಬರ ಕಾಲಿನ ಅಳತೆ ಕೇಳಿದೆ.